ಬಾಡಿಗೆ ಮಡಿಯಲ್ಲಿ ಒಂದು ವರ್ಷ: ಬೆಂಡೆ ಪಾಸು, ಕ್ಯಾರೆಟ್ ಫೇಲು

ಮಂಗಳೂರಿನ ಫ್ಲ್ಯಾಟ್‌ನಲ್ಲಿ ಇರುವವಳು ನಾನು. ಬಾಲ್ಕನಿಯಲ್ಲಿ ನಾಲ್ಕು ಚಟ್ಟಿ ಇಟ್ಟರೆ ಬಟ್ಟೆ ಒಣಗಿಸಲು ಜಾಗ ಇಲ್ಲ. ಪೇಟೆಯೊಳಗೇ ಒಂದು ಖಾಲಿ ಸೈಟಿನಲ್ಲಿ ತರಕಾರಿ ಮಡಿ ಬಾಡಿಗೆಗೆ ಕೊಡುತ್ತಾರೆ ಅಂತ ಗೊತ್ತಾದಾಗ ಹಿಂದೆಮುಂದೆ ನೋಡದೆ ಎರಡು ತಗೊಂಡೆ. ಒಂದಕ್ಕೆ ತಿಂಗಳಿಗೆ 700 ರೂಪಾಯಿ. ನಾಲ್ಕಡಿ ಅಗಲ, ಇಪ್ಪತ್ತಡಿ ಉದ್ದ. ನಡೆಸುವವರ ಹೆಸರು ಬರೆಯುವುದಿಲ್ಲ, ದೂರೂ ಉಂಟು ನನ್ನದು.

ಮೊದಲು ಮಣ್ಣಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಅಲ್ಲೇ. ಹಳೆ ಮನೆ ಕೆಡವಿದ ಜಾಗ ಅದು, ಮೇಲೆ ಹಂಚಿನ ಚೂರು, ಕೆಳಗೆ ಮುರಕಲ್ಲು, ಪಿಕ್ಕಾಸು ಹಾಕಿದರೆ ಕಿಡಿ ಬರುವಂಥದ್ದು. ಇವರು ಅಗೆಯುವ ಗೋಜಿಗೆ ಹೋಗದೆ ಮೇಲೆಯೇ ಮಡಿ ಕಟ್ಟಿದ್ದಾರೆ. ಅಡಿಯಲ್ಲಿ ತೆಂಗಿನ ಸಿಪ್ಪೆ, ಮೇಲೆ ತರಗೆಲೆ, ಹಟ್ಟಿಗೊಬ್ಬರ, ಸುಡುಮಣ್ಣು. ನಮ್ಮ ಕರಾವಳಿಯ ಮಣ್ಣು ಹುಳಿ, ಹಾಗಾಗಿ ಬಿತ್ತುವ ಮೊದಲೇ ಸುಣ್ಣ ಹಾಕಿಸುತ್ತಾರೆ. ಹದಿನೈದು ದಿನಕ್ಕೊಮ್ಮೆ ಜೀವಾಮೃತ ಅನ್ನುವ ದ್ರವಗೊಬ್ಬರ: 200 ಲೀಟರ್ ನೀರಿನ ಡ್ರಮ್ಮಿಗೆ 10 ಕಿಲೋ ಸಗಣಿ, 10 ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ಬೇಳೆಹಿಟ್ಟು, ಒಂದು ಹಿಡಿ ಮಣ್ಣು, ಎರಡು ದಿನ ತಿರುಗಿಸುವುದು. ತಿರುಗಿಸುವ ಸರದಿ ಎಲ್ಲರಿಗೂ ಬರುತ್ತದೆ. ಬೂತಾಯಿ ಮೀನಿನ ತಲೆಯನ್ನು ಬೆಲ್ಲದಲ್ಲಿ ಕೊಳೆಸಿ ಹಾಕುವವರೂ ಇದ್ದಾರೆ, ಆ ಡ್ರಮ್ಮು ಮಾತ್ರ ದೂರದ ಮೂಲೆಯಲ್ಲಿ, ಅದಕ್ಕೊಂದು ದೊಡ್ಡ ಜಗಳವೇ ಆಗಿತ್ತು.

ಈಗ ದೂರು. ನಾನು ಸೇರಿದ್ದು ಮೇ ಕೊನೆಗೆ. ದುಡ್ಡು ತಗೊಂಡು ಟೊಮೆಟೊ, ಕ್ಯಾಪ್ಸಿಕಂ ಸಸಿ ಕೈಗೆ ಕೊಟ್ಟರು. ವರ್ಷಕ್ಕೆ 3500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ಊರಿನಲ್ಲಿ, ಮಳೆ ಬಾಗಿಲಿಗೆ ಬಂದಾಗ, ಟೊಮೆಟೊ! ಜೂನ್ ಅರ್ಧಕ್ಕೆ ಎಲ್ಲ ಕೊಳೆತು ಮಲಗಿತು, ಉಳಿದದ್ದನ್ನು ಬಸವನಹುಳು ತಿಂದಿತು. ಪಕ್ಕದ ಮಡಿಯ ಅಜ್ಜಿ ಮಳೆ ಹಿಡಿಯುವ ಮೊದಲೇ ಬೆಂಡೆ, ಹೀರೆ, ಮುಳ್ಳುಸೌತೆ ಬೀಜ ಹಾಕಿದ್ದರು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅವರು ಚೀಲ ತುಂಬಿಸಿಕೊಂಡು ಹೋಗುವುದನ್ನು ನಾನು ಕೊಡೆ ಹಿಡಿದು ನೋಡಿದೆ. ಸೇರುವಾಗ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಇನ್ನೊಂದು, ಶನಿವಾರದ ಮಾರಾಟ. ಹೊರಗಿನವರಿಗೆ ‘ನಮ್ಮ ತೋಟದ ಸಾವಯವ’ ಅಂತ ಬೋರ್ಡು. ಬುಟ್ಟಿಯಲ್ಲಿ ಕ್ಯಾರೆಟ್, ಬೀನ್ಸ್, ಹೂಕೋಸು. ನಮ್ಮ ಮಡಿಗಳಲ್ಲಿ ಕ್ಯಾರೆಟ್ ಸೊಪ್ಪು ನಾನಂತೂ ಒಮ್ಮೆಯೂ ನೋಡಿಲ್ಲ. ಕೇಳಿದರೆ "ಘಟ್ಟದ ಮೇಲಿಂದ ಬರುತ್ತದೆ, ಅವರೂ ಸಾವಯವವೇ" ಅಂದರು. ಪಿಜಿಎಸ್ ಪ್ರಮಾಣಪತ್ರ, ಅಂದರೆ ಬೆಳೆ ಸಾವಯವ ಅಂತ ರೈತರ ಗುಂಪೇ ಕೊಡುವ ಖಾತರಿ, ಉಂಟಾ ಅಂದೆ. ಐದು ಜನ ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲ ಒಬ್ಬರು ನೋಡಿದರೆ ಅದು ಸಿಗುತ್ತದೆ, ಮಹಾ ಕಷ್ಟವೇನಲ್ಲ. ನಗಾಡಿ ಮಾತು ಬದಲಿಸಿದರು. ಅಲ್ಲಿಂದ ನಾನು ಆ ಬುಟ್ಟಿಗಳ ಹತ್ತಿರ ಹೋಗುವುದಿಲ್ಲ.

ವರ್ಷಗಟ್ಟಲೆ ನಿಲ್ಲುವ ನುಗ್ಗೆ, ಪಪ್ಪಾಯಿ ನೆಡಲು ಬಿಡುವುದಿಲ್ಲ. ಸುಮ್ನೆ ಹಟ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಜಾಗದವರು ಎರಡು ತಿಂಗಳ ಮೊದಲು ಹೇಳಿದರೆ ಖಾಲಿ ಮಾಡಬೇಕಂತೆ. ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ದಿನಕ್ಕೆ ಮಡಿಗೆ ಎರಡು ಕೊಡ ನೀರು, ಅಷ್ಟೇ. ಇದನ್ನು ಮಾತ್ರ ಮೊದಲೇ ಹೇಳಿದ್ದರು.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಒಂದು ಹೋದದ್ದು ಕ್ಯಾರೆಟ್‌ಗೆ, ಅರ್ಧ ಟೊಮೆಟೊಗೆ. ಎರಡು ಮಡಿ ಒಬ್ಬಳ ಕೈಯಲ್ಲಿ ಆಗುವುದಿಲ್ಲ, ಒಂದು ಬಿಟ್ಟೆ. ಇನ್ನೊಂದರ ಮೂಲೆಯಲ್ಲಿ ಬಸಳೆ ಚಪ್ಪರ ಉಂಟು, ಚಳಿಗಾಲದಲ್ಲಿ ಹರಿವೆ ಎಷ್ಟು ಬಂತೆಂದರೆ ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಕೊಟ್ಟೆ. ಈ ಸಲ ಬೆಂಡೆ ಬೀಜ ಮೇ ಮೊದಲ ವಾರವೇ ಬಿತ್ತು, ಅಜ್ಜಿಯನ್ನು ಕೇಳಿಯೇ ಹಾಕಿದ್ದು.