ದೊಡ್ಡ ಟಿವಿ: ಆನ್‌ಲೈನ್‌ನಲ್ಲಿ ಕೊಂಡದ್ದು, ಪೇಟೆಯ ಅಂಗಡಿಯಲ್ಲಿ ಕೊಂಡದ್ದು

ನಮ್ಮ ಕುಟುಂಬಕ್ಕೆ ಹೆಚ್ಚು ಅಂತರವಿಲ್ಲದೆ ಎರಡು ದೊಡ್ಡ ಟಿವಿಗಳು ಬಂದವು. ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ತೋಟದ ನಡುವೆ ಇರುವ ನಮ್ಮ ಮನೆಗೆ 65 ಇಂಚಿನದನ್ನು ಆನ್‌ಲೈನ್‌ನಲ್ಲಿ ತರಿಸಿದೆವು. ವಿರಾಜಪೇಟೆಯ ಬಳಿಯ ಅತ್ತೆಯವರ ಮನೆಗೆ 55 ಇಂಚಿನದನ್ನು ಪೇಟೆಯ ಅಂಗಡಿಯಲ್ಲಿ ಕೊಂಡೆವು. ಎರಡೂ ಒಂದೇ ಕಂಪನಿಯವು, ಎರಡೂ 4ಕೆ, ಎರಡೂ ಒಂದು ಮಳೆಗಾಲ ದಾಟಿವೆ. ದೊಡ್ಡ ನಗರಗಳಲ್ಲಿ ಇಂಥ ಹೋಲಿಕೆ ಮಾಡುವವರು ಬೆಲೆಯಿಂದ ಆರಂಭಿಸಿ ಬೆಲೆಯಲ್ಲೇ ಮುಗಿಸುವುದುಂಟು. ರೈಲು ಮಾರ್ಗವಿಲ್ಲದ, ರಿಪೇರಿಗೆ ಮೈಸೂರಿನ ಕಡೆಗೆ ನೋಡಬೇಕಾದ ನಮ್ಮಂಥವರಿಗೆ, ಟಿವಿ ಮನೆ ಸೇರಿದ ಮೊದಲ ಹತ್ತು ದಿನಗಳಲ್ಲಿ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂಬುದು ಬೆಲೆಗಿಂತ ಮುಖ್ಯ ಎಂದು ನನಗೆ ಅನಿಸಿದೆ.

ಬೆಲೆಯ ವಿಚಾರವನ್ನು ಬೇಗ ಮುಗಿಸುತ್ತೇನೆ. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ತೆರಿಗೆಗೆ ಮುಂಚೆ 50,000 ರೂಪಾಯಿ ಬೆಲೆಯ ಟಿವಿಗೆ ಹಿಂದೆ 64,000 ಆಗುತ್ತಿದ್ದುದು ಈಗ 59,000 ಆಗುತ್ತದೆ. ಈ ಇಳಿಕೆ ಎರಡೂ ಕಡೆ ಒಂದೇ ಆದುದರಿಂದ, ಅದನ್ನೇ ತಮ್ಮ ವಿಶೇಷ ರಿಯಾಯಿತಿ ಎಂದು ಹೇಳುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ನಿಜವಾದ ಉಳಿತಾಯವಾಗುವುದು ಹಬ್ಬದ ಮಾರಾಟದ ದಿನಗಳಲ್ಲಿ, ನಿರ್ದಿಷ್ಟ ಬ್ಯಾಂಕಿನ ಕಾರ್ಡಿಗೆ ಸಿಗುವ ಕಡಿತದಿಂದ. ಅದಕ್ಕೂ ಒಂದು ಮಿತಿ ಇರುತ್ತದೆ. ಬಡ್ಡಿಯಿಲ್ಲದ ಕಂತು ಎನ್ನುವ ಯೋಜನೆಯಲ್ಲಿ ಸಾಮಾನ್ಯವಾಗಿ ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಮೊದಲೇ ಕಳೆದು, ಬಳಿಕ ಬ್ಯಾಂಕು ಅದನ್ನು ವಸೂಲು ಮಾಡಿಕೊಳ್ಳುತ್ತದೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ನಮ್ಮ ತಲೆಗೆ ಬರುತ್ತವೆ. ಅಂಗಡಿಯಲ್ಲಿ ಮೊದಲು ಹೇಳಿದ ಬೆಲೆ ಆನ್‌ಲೈನ್ ಬೆಲೆಗಿಂತ ಐದು ಸಾವಿರ ಹೆಚ್ಚಿತ್ತು. ಫೋನಿನಲ್ಲಿ ಆನ್‌ಲೈನ್ ಬೆಲೆಯನ್ನು ತೋರಿಸಿ ಮಾತನಾಡಿದ ಮೇಲೆ ಅಂತರ ಎರಡು ಸಾವಿರಕ್ಕೆ ಇಳಿಯಿತು, ಅದರೊಳಗೆ ಮನೆಗೆ ಸಾಗಿಸುವ ಖರ್ಚೂ ಗೋಡೆಯ ಬ್ರಾಕೆಟ್ಟೂ ಸೇರಿದ್ದವು. ಇನ್ನೊಂದು ಅಂಗಡಿಯಲ್ಲಿ ‘ಬಿಲ್ ಬೇಡ ಅಂದ್ರೆ ಇನ್ನೂ ಸ್ವಲ್ಪ ನೋಡಬಹುದು ಸಾರ್’ ಎಂಬ ಮಾತೂ ಬಂತು. ಬಿಲ್ಲಿಲ್ಲದ ಟಿವಿಗೆ ವಾರಂಟಿ ಕೇಳಲು ಹೋದವರ ಪಾಡು ಗೊತ್ತಿದ್ದುದರಿಂದ ಅಲ್ಲಿಂದ ಎದ್ದು ಬಂದೆವು.

ಆಯ್ಕೆಯ ವಿಚಾರದಲ್ಲಿ ಎರಡು ಕಡೆಯ ಗುಣಗಳು ಬೇರೆ ಬೇರೆ. ಆನ್‌ಲೈನ್‌ನಲ್ಲಿ ಕಂಪನಿಯ ಹೆಚ್ಚಿನ ಮಾದರಿಗಳು ಸಿಗುತ್ತವೆ. ನಮಗೆ ಬೇಕಾಗಿದ್ದ ಮಿನಿ ಎಲ್‌ಇಡಿ (ಪರದೆಯ ಹಿಂದೆ ತೀರ ಸಣ್ಣ ದೀಪಗಳಿರುವ) ಮಾದರಿಯು ಮಡಿಕೇರಿ, ಕುಶಾಲನಗರ, ವಿರಾಜಪೇಟೆಗಳಲ್ಲಿ ನಾವು ವಿಚಾರಿಸಿದ ಯಾವ ಅಂಗಡಿಯಲ್ಲೂ ಇರಲಿಲ್ಲ, ‘ತರಿಸಿಕೊಡುತ್ತೇವೆ, ಆದರೆ ಮುಂಗಡ ಕೊಡಬೇಕು’ ಎಂದರು. ಅಂಗಡಿಯವರು ತಮ್ಮಲ್ಲಿರುವ ಸರಕನ್ನೇ ಹೊಗಳುವುದು ಸಹಜ. ಆದರೆ ಕಣ್ಣಾರೆ ನೋಡುವ ಅವಕಾಶವನ್ನು ಸರಿಯಾಗಿ ಬಳಸಿಕೊಂಡರೆ ಅದರಷ್ಟು ಉಪಯುಕ್ತವಾದುದು ಇನ್ನೊಂದಿಲ್ಲ. ಅಂಗಡಿಯ ಗೋಡೆಯಲ್ಲಿ ಸಾಲಾಗಿ ಉರಿಯುವ ಟಿವಿಗಳಲ್ಲಿ ಕಂಪನಿಯವರೇ ಕೊಟ್ಟ ಹೂವು, ಹವಳ, ಹಕ್ಕಿಗಳ ದೃಶ್ಯಗಳು ಬಣ್ಣವನ್ನು ಅತಿಯಾಗಿ ಏರಿಸಿದ ಸೆಟ್ಟಿಂಗ್‌ನಲ್ಲಿ ಓಡುತ್ತಿರುತ್ತವೆ. ಅವುಗಳನ್ನು ನೋಡಿ ತೀರ್ಮಾನಿಸುವುದಾದರೆ ಎಲ್ಲ ಟಿವಿಗಳೂ ಚೆಂದವೇ. ನಾನು ಸೆಟ್‌ಟಾಪ್ ಬಾಕ್ಸ್ ಜೋಡಿಸಿ ಒಂದು ಕನ್ನಡ ಸುದ್ದಿ ವಾಹಿನಿಯನ್ನು ಹಾಕಿಸಿದೆ. ಎಚ್‌ಡಿ ಅಲ್ಲದ ಆ ವಾಹಿನಿಯ ಚಿತ್ರವನ್ನು 65 ಇಂಚಿಗೆ ಹಿಗ್ಗಿಸಿದಾಗ ಕೆಳಗೆ ಓಡುವ ಸಾಲಿನ ಒತ್ತಕ್ಷರಗಳು ಕಲಸಿಕೊಂಡು ಬರೀ ಮಸಿಯ ಚುಕ್ಕೆಗಳಂತೆ ಕಂಡವು. ಪಕ್ಕದ 55 ಇಂಚಿನದರಲ್ಲಿ ಅದೇ ಸಾಲನ್ನು ಕಷ್ಟವಿಲ್ಲದೆ ಓದಬಹುದಾಗಿತ್ತು. ಡಿಶ್‌ನಲ್ಲಿ ಧಾರಾವಾಹಿ ಮತ್ತು ಸುದ್ದಿಗಳನ್ನಷ್ಟೇ ನೋಡುವ ಅತ್ತೆಯವರಿಗೆ ಯಾವ ಅಳತೆ ಎಂಬುದು ಅಲ್ಲಿಯೇ ನಿರ್ಧಾರವಾಯಿತು. ಫೈಬರ್ ಸಂಪರ್ಕವಿದ್ದು, ಕ್ರಿಕೆಟ್ಟನ್ನೂ ಸಿನಿಮಾಗಳನ್ನೂ ಇಂಟರ್‌ನೆಟ್‌ನಲ್ಲೇ ನೋಡುವ ನಮ್ಮ ಮನೆಗೆ, ಸೋಫಾದಿಂದ ಗೋಡೆಗೆ ಎಂಟು ಅಡಿಗೂ ಹೆಚ್ಚು ದೂರವಿರುವುದರಿಂದ, 65 ಇಂಚು ಹೆಚ್ಚಾಗಲಿಲ್ಲ. ಅಂಗಡಿಯಲ್ಲಿ ಇನ್ನೊಂದನ್ನು ಗಮನಿಸಬೇಕು: ಪೆಟ್ಟಿಗೆಯ ಮೇಲೆ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಮುದ್ರಿಸಿರುತ್ತಾರೆ. ನಮಗೆ ಮೊದಲು ತೋರಿಸಿದ್ದು ಹಿಂದಿನ ವರ್ಷದ ಮಾಲು. ಕೇಳಿದ ಮೇಲೆ ಹೊಸದು ಗೋದಾಮಿನಿಂದ ಬಂತು.

ಸಾಗಣೆಯ ವಿಷಯದಲ್ಲಿ ಅಂಗಡಿಗೆ ಪೂರ್ಣ ಅಂಕ. ಆನ್‌ಲೈನ್ ಆರ್ಡರಿನಲ್ಲಿ ಪಿನ್‌ಕೋಡ್ ಹಾಕಿದ ಕೂಡಲೇ ತಲುಪುವ ದಿನಾಂಕ ತೋರುತ್ತದೆ, ಆದರೆ ಪಿನ್‌ಕೋಡಿಗೆ ತೋಟದ ದಾರಿ ಗೊತ್ತಿರುವುದಿಲ್ಲ. ಪಿಕಪ್‌ನವರು ಡಾಂಬರು ರಸ್ತೆಯ ತುದಿಯಲ್ಲಿ ನಿಂತು, ಕೆಸರಿನ ಇಳಿಜಾರಿನಲ್ಲಿ ಗಾಡಿ ಇಳಿಸುವುದಿಲ್ಲವೆಂದು ಹೇಳಿ, ಅಲ್ಲೇ ಓಟಿಪಿ ಕೇಳಿದರು. ನೆಟ್‌ವರ್ಕ್ ಇಲ್ಲದ ಆ ತಿರುವಿನಲ್ಲಿ ಓಟಿಪಿ ಬರುವುದಕ್ಕೇ ಬಹಳ ಹೊತ್ತು ಹಿಡಿಯಿತು. ಸುಮಾರು ಒಂದೂವರೆ ಮೀಟರ್ ಅಗಲದ ಆ ಪೆಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿಯೇ ಸಾಗಿಸಬೇಕು, ಇಲ್ಲವಾದರೆ ಪ್ಯಾನೆಲ್ ಬಿರುಕು ಬಿಡುವ ಅಪಾಯವಿದೆ. ಪಕ್ಕದ ತೋಟದವರ ಜೀಪಿನ ಹಿಂದೆ ಇಬ್ಬರು ಹಿಡಿದು ನಿಂತು ತಂದೆವು. ವಿರಾಜಪೇಟೆಯ ಅಂಗಡಿಯವರ ಹುಡುಗರಿಗೆ ಅತ್ತೆಯವರ ಮನೆಯ ಹೆಸರು ಹೇಳಿದರೆ ಸಾಕಾಯಿತು, ದಾರಿ ಕೇಳಲೂ ಇಲ್ಲ.

ಈಗ ಆ ಹತ್ತು ದಿನಗಳ ವಿಚಾರ. ಆನ್‌ಲೈನ್‌ನಲ್ಲಿ ಕೊಂಡ ದೊಡ್ಡ ಟಿವಿಗಳಿಗೆ ಸಾಮಾನ್ಯವಾಗಿ ಹಣ ವಾಪಸ್ ಕೊಡುವ ಬದಲು ಬದಲಿ ಟಿವಿ ಕೊಡುವ ಅವಧಿ ಇರುತ್ತದೆ, ಅದು ವಾರವೋ ಹತ್ತು ದಿನವೋ ಆಗಿರುತ್ತದೆ. ನಮ್ಮ ಆರ್ಡರಿನಲ್ಲಿ ಆ ಅವಧಿಯ ಲೆಕ್ಕ ಟಿವಿ ಕೈಸೇರಿದ ದಿನದಿಂದಲೇ ಶುರುವಾಗಿತ್ತು. ಆದರೆ ಟಿವಿಯನ್ನು ಕೂರಿಸಲು ಬರುವ ಕಂಪನಿಯ ಮೆಕ್ಯಾನಿಕ್ಕು ಜಿಲ್ಲೆಯ ಹೊರಗಿನಿಂದ ಬರಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಆತನ ದಿನ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆತ ಬರುವ ತನಕ ಪೆಟ್ಟಿಗೆ ತೆರೆಯಬೇಡಿ ಎಂಬ ಸೂಚನೆ ಬೇರೆ. ನಮ್ಮ ಟಿವಿಯ ಎಡಗಡೆಯ ಕೆಳಮೂಲೆಯಲ್ಲಿ ಕಪ್ಪು ಹಿನ್ನೆಲೆಯ ದೃಶ್ಯಗಳು ಬಂದಾಗ ಬೂದು ಬಣ್ಣದ ಒಂದು ಮಬ್ಬು ಕಾಣುತ್ತಿತ್ತು. ಮೆಕ್ಯಾನಿಕ್ಕು ಬಂದು ನೋಡಿ ವರದಿ ಹಾಕಿದಾಗ ಅವಧಿ ಮುಗಿಯಲು ಒಂದು ದಿನವಷ್ಟೇ ಉಳಿದಿತ್ತು. ಪೆಟ್ಟಿಗೆ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಫೋನಿನಲ್ಲಿ ಚಿತ್ರಿಸಿಕೊಂಡಿದ್ದು, ದೂರು ದಾಖಲಾದ ಸಂದೇಶವನ್ನು ಉಳಿಸಿಕೊಂಡಿದ್ದು ಇಲ್ಲಿ ಕೆಲಸಕ್ಕೆ ಬಂತು. ಬದಲಿ ಟಿವಿ ಬಂದಿತು, ಅದರಲ್ಲಿ ದೋಷವಿಲ್ಲ.

ಅಂಗಡಿಯಲ್ಲಿ ಕೊಂಡ ಟಿವಿಯೂ ಕೈಕೊಟ್ಟಿತು, ಶಬ್ದ ಹೋಯಿತು. ರಿಪೇರಿಗೆ ಬಂದದ್ದು ಯಾರು ಎಂದು ಕೇಳಿದರೆ, ನಮ್ಮ ಮನೆಗೆ ಬಂದಿದ್ದ ಅದೇ ಮೆಕ್ಯಾನಿಕ್ಕು! ವಾರಂಟಿ ಕಂಪನಿಯದ್ದು, ಅಂಗಡಿಯವರದ್ದಲ್ಲ. ಆದುದರಿಂದ ಅಂಗಡಿಯಲ್ಲಿ ಕೊಂಡರೆ ರಿಪೇರಿ ಬೇರೆಯದೇ ಗುಣಮಟ್ಟದ್ದು ಎಂಬ ನಂಬಿಕೆಗೆ ಆಧಾರವಿಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ಸರ್ವೀಸ್ ಸೆಂಟರಿಗೆ ದಿನವೂ ಫೋನ್ ಮಾಡುವ ಕೆಲಸವನ್ನು ಅಂಗಡಿಯವರೇ ಮಾಡಿದರು, ಬದಲಿಸಬೇಕಾದ ಸರ್ಕ್ಯೂಟ್ ಬೋರ್ಡು ಬರುವವರೆಗೆ 32 ಇಂಚಿನ ಹಳೆಯ ಟಿವಿಯೊಂದನ್ನು ತಂದಿಟ್ಟು ಅತ್ತೆಯವರ ಧಾರಾವಾಹಿ ತಪ್ಪದಂತೆ ನೋಡಿಕೊಂಡರು. ಎರಡು ಸಾವಿರದ ಅಂತರಕ್ಕೆ ಇದು ಕಡಿಮೆಯ ಸೇವೆಯಲ್ಲ.

ಕರೆಂಟಿನ ಬಗೆಗೆ ಅಂಗಡಿಯವರ ಸಲಹೆಯನ್ನು ಅರ್ಧ ಒಪ್ಪುತ್ತೇನೆ. ಸ್ಟೆಬಿಲೈಜರ್ ಕೊಳ್ಳಲೇಬೇಕೆಂದು ಒತ್ತಾಯಿಸಿದರು. ನಮ್ಮ ಎರಡೂ ಟಿವಿಗಳ ಹಿಂಬದಿಯ ಪಟ್ಟಿಯಲ್ಲಿ 100ರಿಂದ 240 ವೋಲ್ಟ್ ಎಂದಿರುವುದರಿಂದ, ಇಲ್ಲಿ ಸಂಜೆ ಹೊತ್ತು ವೋಲ್ಟೇಜ್ ಕುಸಿಯುವುದು ಅವಕ್ಕೆ ತೊಂದರೆಯಲ್ಲ. ತೊಂದರೆ ಇರುವುದು ಏಪ್ರಿಲ್, ಮೇ ತಿಂಗಳ ಸಿಡಿಲಿನದ್ದು. ಸಿಡಿಲಿನ ಹಾನಿಗೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಟಿವಿಯನ್ನು ಎಲ್ಲಿ ಕೊಂಡರೂ ಈ ಮಾತು ಒಂದೇ. ಸರಿಯಾದ ಅರ್ಥಿಂಗ್ ಬೇಕು. ಗುಡುಗು ಶುರುವಾದಾಗ ಪ್ಲಗ್ ಮಾತ್ರವಲ್ಲ, ಡಿಶ್‌ನಿಂದ ಬರುವ ಕೇಬಲನ್ನೂ ಕಳಚಬೇಕು ಎಂದು ಟಿವಿ ಕೂರಿಸಲು ಬಂದ ಅಂಗಡಿಯ ಹುಡುಗ ಹೇಳಿದ ಮಾತು ಆನ್‌ಲೈನ್ ಟಿವಿಯ ಜೊತೆ ಬಂದ ಯಾವ ಪುಸ್ತಿಕೆಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಅತ್ತೆಯವರ ಹಳೆಯ ಮನೆಯ ಮಣ್ಣಿಟ್ಟಿಗೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, ಇದಕ್ಕೆ ಬ್ರಾಕೆಟ್ ಹಿಡಿಯುವುದಿಲ್ಲ, ಮೇಜಿನ ಮೇಲೆಯೇ ಇಡೋಣ ಎಂದವನೂ ಅವನೇ.

ಆನ್‌ಲೈನ್‌ನಲ್ಲಿ ಕೊಂಡರೆ ಜಗಳಕ್ಕೆ ಬೆಂಗಳೂರಿಗೋ ದೆಹಲಿಗೋ ಹೋಗಬೇಕೆಂಬ ಭಯ ಹಲವರಲ್ಲಿದೆ, ಅದು ಈಗ ಬೇಕಾಗಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅಂದರೆ ನಮಗೆ ಮಡಿಕೇರಿಯಲ್ಲೇ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ಕರೆ ಮಾಡಬಹುದು. 2020ರ ಇ-ಕಾಮರ್ಸ್ ನಿಯಮಗಳಂತೆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ನನ್ನ ಮಟ್ಟಿಗೆ, ಬೇಕಾದ ಮಾದರಿ ಪೇಟೆಯಲ್ಲಿದ್ದು ಅಂತರ ಮೂರು ಸಾವಿರದೊಳಗಿದ್ದರೆ ಅಂಗಡಿಯೇ ಸರಿ, ಅದರಲ್ಲೂ ವಯಸ್ಸಾದವರಿರುವ ಮನೆಗೆ. ಮಾದರಿ ಇಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಲು ಅಂಜಬೇಕಾಗಿಲ್ಲ, ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ತರಿಸುವುದು ಒಳ್ಳೆಯದು. ಬದಲಿ ಟಿವಿ ತರುವವರು ಹಳೆಯದನ್ನು ಮೂಲ ಪೆಟ್ಟಿಗೆಯಲ್ಲೇ ವಾಪಸ್ ಕೇಳುವುದರಿಂದ ಪೆಟ್ಟಿಗೆಯನ್ನೂ ಥರ್ಮಾಕೋಲನ್ನೂ ಅವಧಿ ಮುಗಿಯುವ ತನಕ ಇಟ್ಟುಕೊಳ್ಳಬೇಕು. ಮಳೆಗಾಲವಾದರೆ ನೆಲದಿಂದ ಎತ್ತರಿಸಿ ಇಡಬೇಕು, ಇಲ್ಲದಿದ್ದರೆ ವಾರದೊಳಗೆ ಬೂಸ್ಟು ಹಿಡಿದು ರಟ್ಟು ಮೆತ್ತಗಾಗುತ್ತದೆ.