ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಮೂರು ದಾರಿ, ನಾಲ್ಕು ಮಂಡಿ

ಮಗಳು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಇದ್ದಾಳೆ. ನಾನೂ ನನ್ನ ಹೆಂಡತಿಯೂ ಮೂರು ಬೇಸಿಗೆ ಹೋಗಿಬಂದೆವು, ಮೂರು ಸಲವೂ ಬೇರೆ ದಾರಿ. 2022ರಲ್ಲಿ ದುಬೈ ಮೇಲೆ, 2023ರಲ್ಲಿ ನೇರ, 2024ರಲ್ಲಿ ಫ್ರಾಂಕ್‌ಫರ್ಟ್ ಮೇಲೆ. ಕುವೆಂಪುನಗರದಲ್ಲಿ ವಾಕಿಂಗ್‌ಗೆ ಸಿಕ್ಕವರೆಲ್ಲ “ಸಾರ್, ಯಾವುದು ವಾಸಿ?” ಅಂತಾರೆ. ಅದಕ್ಕೇ ಇದನ್ನು ಬರೆದೆ.

ಯಾವ ದಾರಿಯಾದರೂ ಮೊದಲು ದೇವನಹಳ್ಳಿ ಮುಟ್ಟಬೇಕು. ಸುಮಾರು 185 ಕಿಲೋಮೀಟರ್. ದಶಪಥ ಬಂದ ಮೇಲೆ ಕೆಂಗೇರಿವರೆಗೆ ಸಲೀಸು, ಆಮೇಲೆ ಊರು ದಾಟುವುದೇ ಕಷ್ಟ. ಫ್ಲೈಬಸ್ಸಿಗೆ ನಾಲ್ಕು ಗಂಟೆ ಹಿಡಿಯಿತು. ಬೆಂಗಳೂರಿನಿಂದ ದುಬೈಗೆ 2,700 ಕಿಲೋಮೀಟರ್, ಅದಕ್ಕೂ ನಾಲ್ಕೇ ಗಂಟೆ!

ದುಬೈ ದಾರಿಯ ತೊಂದರೆಯೂ ಅದೇ. ಊಟ ಮಾಡಿ ಕಣ್ಣು ಮುಚ್ಚುವಷ್ಟರಲ್ಲಿ ಇಳಿಯಬೇಕು. ಮೂರು ಗಂಟೆ ಕಾದು ಮತ್ತೆ ಹತ್ತಿದರೆ ಮುಂದೆ ಸುಮಾರು 13,000 ಕಿಲೋಮೀಟರ್, ಹದಿನಾರು ಗಂಟೆ. ನೇರ ವಿಮಾನಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಅಲ್ಲಿಗೆ ಏಳು ಗಂಟೆ ಸುಮ್ನೆ ದಂಡ. ಟಿಕೆಟ್ ಅಗ್ಗ ಸಿಕ್ಕಿತ್ತು, ಅಷ್ಟೇ.

ನೇರ ಹೋಗೋಣ ಅಂತ ಹಟ ಹಿಡಿದವಳು ಹೆಂಡತಿ. 2021ರ ಜನವರಿಯಲ್ಲಿ ಈ ದಾರಿಯ ಮೊದಲ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ, ಉತ್ತರ ಧ್ರುವದ ಮೇಲೆ, ಹಾರಿಸಿಕೊಂಡು ಬಂದದ್ದು ಬರೀ ಹೆಣ್ಣುಮಕ್ಕಳು. ಅದನ್ನು ಟಿವಿಯಲ್ಲಿ ನೋಡಿದ್ದಳು. ನಮ್ಮ ವಿಮಾನ ಪೂರ್ವಕ್ಕೆ ಹೋಗಿ ಪೆಸಿಫಿಕ್ ದಾಟಿತು. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ಹಿಂದಿನಿಂದ ತಳ್ಳುತ್ತದೆ. 14,000 ಕಿಲೋಮೀಟರ್, ಹದಿನಾರು ಗಂಟೆ. ಮಧ್ಯಾಹ್ನ ಎರಡೂವರೆಗೆ ಹೊರಟು ಅದೇ ತಾರೀಖು ಸಂಜೆ ಆರಕ್ಕೆ ಇಳಿದೆವು! ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಅಲ್ವಾ. ಬೆಳಿಗ್ಗೆ ತಿಂಡಿ ಮೈಸೂರಲ್ಲಿ, ರಾತ್ರಿ ಊಟ ಮಗಳ ಮನೆಯಲ್ಲಿ, ಕ್ಯಾಲೆಂಡರಿನ ಹಾಳೆ ಒಂದೇ. ಆದರೆ ಬರುವಾಗ ಹದಿನೇಳೂವರೆ ಗಂಟೆ. ಹನ್ನೆರಡು ಗಂಟೆ ಕಳೆದ ಮೇಲೆ ನನ್ನ ಮಂಡಿ ಸೀಟಿನಲ್ಲಿ ನಿಲ್ಲಲಿಲ್ಲ. ಶೌಚಾಲಯದ ಪಕ್ಕ ನಿಂತು ಕಾಲು ಆಡಿಸುತ್ತಿದ್ದೆ. ಅಲ್ಲಿ ನನ್ನಂಥ ಇನ್ನೂ ಮೂವರು ಇದ್ದರು. ಒಬ್ಬರು ಮದ್ದೂರಿನವರು.

ಫ್ರಾಂಕ್‌ಫರ್ಟ್ ದಾರಿ ಲೆಕ್ಕದಲ್ಲಿ ಉದ್ದ. 7,400 ಮತ್ತು 9,100, ಒಟ್ಟು 16,500 ಕಿಲೋಮೀಟರ್. ಕಾಯುವುದೂ ಸೇರಿ ಇಪ್ಪತ್ತಾರು ಗಂಟೆ. ಆದರೆ ಹತ್ತು ಗಂಟೆ, ಆಮೇಲೆ ಹನ್ನೊಂದೂವರೆ. ಹದವಾಗಿ ಅರ್ಧಕ್ಕೆ ಮುರಿಯುತ್ತದೆ. ನಡುವೆ ನಾಲ್ಕೂವರೆ ಗಂಟೆ ಓಡಾಡಿದ್ದಕ್ಕೆ ಮಂಡಿ ಸುಮ್ಮನಿತ್ತು. ಅಮೆರಿಕದ ವೀಸಾ ಇದ್ದರೆ ಅಲ್ಲಿ ವಿಮಾನ ಬದಲಿಸಲು ಬೇರೆ ಟ್ರಾನ್ಸಿಟ್ ವೀಸಾ ಬೇಡ. ಕಿರಿಕಿರಿ ಎಂದರೆ ಬೆಂಗಳೂರು ಬಿಡುವುದು ನಡುರಾತ್ರಿ ಮೂರಕ್ಕೆ. ಹಿಂದಿನ ಸಂಜೆಯೇ ಮೈಸೂರು ಬಿಡಬೇಕು, ನಿದ್ದೆ ಕೆಟ್ಟಂತೆಯೇ. ಇನ್ನೊಂದು, ಗೇಟಿಂದ ಗೇಟಿಗೆ ಹೋಗುವ ಸುರಂಗದಲ್ಲಿ ನಾನು ಬೋರ್ಡು ಸರಿಯಾಗಿ ನೋಡದೆ ಹೆಂಡತಿಯನ್ನು ಉಲ್ಟಾ ದಿಕ್ಕಿಗೆ ನಡೆಸಿದೆ.

ನನ್ನ ಓಟು: ನೇರ ವಿಮಾನ ಇದ್ದರೆ ಹೋಗುವಾಗ ಅದು, ಬರುವಾಗ ಫ್ರಾಂಕ್‌ಫರ್ಟ್. ಹೆಂಡತಿ ಮಾತ್ರ ಒಪ್ಪುವುದಿಲ್ಲ. “ಮಂಡಿ ನೋವು ನಾಲ್ಕು ದಿನದಲ್ಲಿ ಹೋಗುತ್ತೆ. ನಿಮ್ಮ ಹಿಂದೆ ಆ ಸುರಂಗಕ್ಕೆ ಇನ್ನೊಂದ್ಸಲ ಬರಲ್ಲ” ಅಂತಾಳೆ.