ಹಳೆಯ ಜಪಾನಿ ಬೈಕಿನ ಸ್ಕ್ರೂಗಳಿಗೆ ಜೆಐಎಸ್ ಬಿಟ್: ಐದು ವರ್ಷ ಬಳಸಿದ ಮೇಲೆ

ಸುತ್ತಿಗೆಯಿಂದ ಬಡಿದು ತಿರುಗಿಸುವ ಒಂದು ಇಂಪ್ಯಾಕ್ಟ್ ಡ್ರೈವರ್, ಅದಕ್ಕೆ ಹಾಕುವ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡದ) ಬಿಟ್‌ಗಳು, ಅಂದರೆ ಬದಲಿಸಬಹುದಾದ ತುದಿಗಳು, ಜೊತೆಗೆ ವೆಸೆಲ್ ಕಂಪನಿಯ ಎರಡು ಸ್ಕ್ರೂಡ್ರೈವರ್, ತುದಿಯ ಅಳತೆಯಲ್ಲಿ ಎರಡನೇ ಮತ್ತು ಮೂರನೇ ನಂಬರಿನವು. ಐದು ವರ್ಷಗಳಲ್ಲಿ ನನ್ನ ಕೈ ಅತಿ ಹೆಚ್ಚು ಹುಡುಕಿಕೊಂಡು ಹೋದ ಸಾಮಾನು ಇವೇ. ಇವುಗಳಿಂದಲೇ 1971ರ ಹೋಂಡಾ ಸಿಬಿ350 ಒಂದನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ್ದೇನೆ. ವಾರಕ್ಕೆ ಒಂದು ಸಂಜೆ, ಕೆಲವೊಮ್ಮೆ ತಿಂಗಳಿಗೆ ಒಂದು. ಅವಸರವಿಲ್ಲದ ಕೆಲಸದಲ್ಲಿ ಇವು ಹೇಗೆ ಬಾಳಿಕೆ ಬಂದವು ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ಜೆಐಎಸ್ ಏಕೆ ಎಂಬುದು. ಅಂದಿನ ಹೋಂಡಾ, ಯಮಹಾ, ಸುಜುಕಿ, ಕಾವಾಸಾಕಿ ಎಂಜಿನ್‌ಗಳ ಪಕ್ಕದ ಕವರ್‌ಗಳನ್ನು ಹಿಡಿದಿರುವುದು ಹೆಚ್ಚಾಗಿ ಪ್ಲಸ್ ಗುರುತಿನ ಸ್ಕ್ರೂಗಳು. ನೋಡಿದರೆ ಎಲ್ಲೆಡೆ ಸಿಗುವ ಫಿಲಿಪ್ಸ್ ಸ್ಕ್ರೂವೇ ಎನ್ನಿಸುತ್ತದೆ, ಆದರೆ ಅಲ್ಲ. ಅವು ಜಪಾನಿನ ಕೈಗಾರಿಕಾ ಮಾನದಂಡಕ್ಕೆ ತಕ್ಕ ಹಾಗೆ ಕೊರೆದವು. ಫಿಲಿಪ್ಸ್ ತುದಿ ಹೆಚ್ಚು ಚೂಪು, ಅದರ ರೆಕ್ಕೆಗಳ ನಡುವಿನ ಮೂಲೆಗಳು ದುಂಡಗಿರುತ್ತವೆ. ಜಪಾನಿ ಸ್ಕ್ರೂವಿನೊಳಗೆ ಅದು ತಳ ಮುಟ್ಟಿ ನಿಲ್ಲುತ್ತದೆ, ಗೋಡೆಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಬಿಗಿಯಾಗಿ ತಿರುಗಿಸಿದೊಡನೆ ಮೇಲಕ್ಕೆ ಜಾರಿ, ಹೋಗುವಾಗ ಸ್ಕ್ರೂ ತಲೆಯ ಸೀಳಿನ ಅಂಚನ್ನು ಕೆರೆದುಕೊಂಡೇ ಹೋಗುತ್ತದೆ. ಜೆಐಎಸ್ ತುದಿ ಅದೇ ಸೀಳಿನಲ್ಲಿ ಅಲುಗಾಡದೆ ಕೂರುತ್ತದೆ. ಪರೀಕ್ಷೆ ಸುಲಭ: ಸ್ಕ್ರೂವನ್ನು ತುದಿಗೆ ಸಿಕ್ಕಿಸಿ ಡ್ರೈವರನ್ನು ಅಡ್ಡಲಾಗಿ ಹಿಡಿಯಿರಿ. ಸರಿಹೊಂದಿದ್ದರೆ ಅಯಸ್ಕಾಂತವಿಲ್ಲದೆಯೂ ಸ್ಕ್ರೂ ಬೀಳದೆ ನಿಲ್ಲುತ್ತದೆ. ತಲೆಯ ಮೇಲೆ ಚಿಕ್ಕ ಚುಕ್ಕೆ ಇರುವ ಸ್ಕ್ರೂ ಮಾತ್ರ ಜೆಐಎಸ್ ಎಂದು ಹಲವರು ಹೇಳುತ್ತಾರೆ. ನಾನು ಚುಕ್ಕೆಯನ್ನು ನಂಬುವುದಿಲ್ಲ, ಈ ಪರೀಕ್ಷೆಯನ್ನು ನಂಬುತ್ತೇನೆ.

ನಾನು ಕೊಂಡ ಇಂಪ್ಯಾಕ್ಟ್ ಡ್ರೈವರಿನ ಪೆಟ್ಟಿಗೆಯಲ್ಲಿ ನಾಲ್ಕು ಬಿಟ್ ಬಂದಿದ್ದವು. ಅವು ಫಿಲಿಪ್ಸ್ ಎಂದು ಮೇಲೆ ಎಲ್ಲಿಯೂ ಬರೆದಿರಲಿಲ್ಲ. ಕ್ಲಚ್ ಕವರಿನ ಮೊದಲ ಮೂರು ಸ್ಕ್ರೂಗಳ ತಲೆ ಹಾಳಾದದ್ದು ಅವುಗಳಿಂದಲೇ. ಐವತ್ತು ವರ್ಷ ಮುಟ್ಟದೆ ಉಳಿದಿದ್ದ ಸ್ಕ್ರೂಗಳು ನನ್ನ ಒಂದು ಸಂಜೆಯಲ್ಲಿ ಹೋದವು. ಅದರ ನೋವು ಇಂದಿಗೂ ಇದೆ. ಅವುಗಳ ತಲೆಯನ್ನು ಡ್ರಿಲ್ಲಿನಿಂದ ಕೊರೆದು ತೆಗೆದು, ಕವರ್ ಬಿಚ್ಚಿದ ಮೇಲೆ ಉಳಿದ ಮೊಳೆಯಂಥ ಭಾಗವನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಬೇಕಾಯಿತು. ಜೆಐಎಸ್ ಬಿಟ್‌ಗಳನ್ನು ಬೇರೆಯಾಗಿ ತರಿಸಿಕೊಂಡದ್ದು ಅದಾದ ಮೇಲೆ.

ಅವು ಬಂದ ದಿನದ ಕೆಲಸ ಚೆನ್ನಾಗಿ ನೆನಪಿದೆ. ನಾಲ್ಕನೆಯ ಸ್ಕ್ರೂವಿನ ಸೀಳಿನಲ್ಲಿ ಗಟ್ಟಿಯಾಗಿದ್ದ ಮಣ್ಣು ಮತ್ತು ಹಳೆಯ ಬಣ್ಣವನ್ನು ಸೂಜಿಯಿಂದ ಕೆದಕಿ ತೆಗೆದೆ. ಸುತ್ತಲೂ ಬಿಳಿ ಪುಡಿ ಕಟ್ಟಿತ್ತು. ಉಕ್ಕಿನ ಸ್ಕ್ರೂ, ಅಲ್ಯೂಮಿನಿಯಂ ಕವರ್, ನಡುವೆ ವರ್ಷಗಟ್ಟಲೆ ತೇವ. ಎರಡು ಲೋಹಗಳೂ ಒಂದನ್ನೊಂದು ಕಚ್ಚಿ ಹಿಡಿಯುವುದು ಹೀಗೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಬಿಟ್ಟಿದ್ದೆ. ಬಿಸಿಗಾಳಿಯ ಗನ್ ಹಿಡಿದು ಕವರನ್ನು ಕಾಯಿಸಿದೆ, ಏಕೆಂದರೆ ಅಷ್ಟೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮೂರನೇ ನಂಬರಿನ ಬಿಟ್ ಕೂರಿಸಿ, ಡ್ರೈವರಿನ ಹಿಡಿಯನ್ನು ಎಡಕ್ಕೆ ಬಿಗಿಯಾಗಿ ತಿರುಗಿಸಿ ಹಿಡಿದು, ಒಂದೇ ಏಟು ಹಾಕಿದೆ. ಏಟು ಬಿಟ್ಟನ್ನು ಸೀಳಿನೊಳಕ್ಕೆ ಒತ್ತುತ್ತದೆ, ಅದೇ ಕ್ಷಣದಲ್ಲಿ ಡ್ರೈವರಿನ ಒಳಗಿನ ಓರೆ ಸೀಳು ಅದನ್ನು ಸ್ವಲ್ಪ ತಿರುಗಿಸುತ್ತದೆ. ಹಾಗಾಗಿ ಬಿಟ್ ಸರಿಹೊಂದಿದ್ದರೆ ಜಾರಿ ಮೇಲೆ ಬರುವ ಅವಕಾಶ ಬಹಳ ಕಡಿಮೆ. ‘ಟಿಕ್’ ಎಂದು ಒಣಗಿದ ಸದ್ದು ಬಂತು. ಮುಂದೆ ಕೈಯಿಂದಲೇ ತಿರುಗಿತು. ಆ ಸದ್ದಿಗಾಗಿ ಎರಡು ದಿನವಲ್ಲ, ಎರಡು ವಾರ ಕಾಯಲೂ ನಾನು ಸಿದ್ಧ.

ಆ ಕವರಿನ ಹಿಂದೆ ಸಿಬಿ350ರ ಎಣ್ಣೆ ಶೋಧಕ ಇದೆ. ಕಾಗದದ ಫಿಲ್ಟರ್ ಇಲ್ಲ. ಗಿರಗಿರನೆ ತಿರುಗುವ ಬಟ್ಟಲೊಂದು ಕೊಳೆಯನ್ನು ಹೊರಗೋಡೆಗೆ ಎಸೆದು ಅಂಟಿಸುತ್ತದೆ. ತೆರೆದಾಗ ಗೋಡೆಯ ಮೇಲೆ ಬೂದು ಬಣ್ಣದ ಗಟ್ಟಿ ಪದರ, ಒದ್ದೆ ಜೇಡಿಮಣ್ಣಿನ ಹಾಗೆ. ಯಾರೂ ಅದನ್ನು ಬಹಳ ಕಾಲ ತೆರೆದಿರಲಿಲ್ಲ. ಸ್ಕ್ರೂ ಬಿಚ್ಚಲಾಗದೆ ಬಿಟ್ಟಿದ್ದರೆ ಆ ಕೊಳೆ ಅಲ್ಲಿಯೇ ಉಳಿಯುತ್ತಿತ್ತು.

ಎಲ್ಲೆಡೆಯೂ ಸುತ್ತಿಗೆ ಎತ್ತಬಾರದು. ಕಾರ್ಬುರೇಟರಿನ ಮೇಲಿನ ಮುಚ್ಚಳ, ಕಿಡಿಯ ಹೊತ್ತನ್ನು ನಿಯಂತ್ರಿಸುವ ಪಾಯಿಂಟ್ಸ್ ಪ್ಲೇಟ್, ಇವೆಲ್ಲ ಎರಡನೇ ನಂಬರಿನ ಕೈ ಡ್ರೈವರಿನ ಕೆಲಸ. ತೆಳು ಎರಕದ ಲೋಹಕ್ಕೆ ಏಟು ಬಿದ್ದರೆ ಬಿರುಕು ಬಿಡಬಹುದು. ಎಂಜಿನ್ ಫ್ರೇಮಿನಲ್ಲಿಯೇ ಇರುವಾಗ ಕವರಿನ ಸ್ಕ್ರೂಗಳನ್ನು ಸಡಿಲಿಸುವುದು ಒಳ್ಳೆಯದು. ಮೇಜಿನ ಮೇಲೆ ಅಲುಗಾಡುವ ಎಂಜಿನ್ ಏಟಿನ ಅರ್ಧ ಬಲವನ್ನು ತಾನೇ ನುಂಗಿಬಿಡುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಚುಚ್ಚಿಡಿ. ಉದ್ದ ಒಂದೇ ಇರುವುದಿಲ್ಲ.

ಬಾಳಿಕೆಯ ಮಾತು. ವೆಸೆಲ್ ಡ್ರೈವರ್‌ಗಳ ತುದಿ ಇನ್ನೂ ಹೊಸದರಂತಿದೆ, ಹಿಡಿ ಮಾತ್ರ ಎಣ್ಣೆ ಕುಡಿದು ಕಪ್ಪಾಗಿದೆ. ಮೂರನೇ ನಂಬರಿನ ಬಿಟ್ಟಿನ ಒಂದು ರೆಕ್ಕೆಯ ಅಂಚು ನಾಲ್ಕನೆಯ ವರ್ಷ ಚಕ್ಕೆ ಎದ್ದಿತು, ಬದಲಿಸಿದೆ. ಇಂಪ್ಯಾಕ್ಟ್ ಡ್ರೈವರಿನ ಒಳಗಿನ ಗ್ರೀಸ್ ಎರಡು ವರ್ಷಕ್ಕೊಮ್ಮೆ ಒಣಗುತ್ತದೆ. ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಿದರೆ ಮತ್ತೆ ಸಲೀಸಾಗಿ ತಿರುಗುತ್ತದೆ. ಹಿಡಿಗೆ ಕೈ ರಕ್ಷಿಸುವ ರಬ್ಬರ್ ಅಂಚು ಇಲ್ಲದಿರುವುದು ನಿಜವಾದ ಕೊರತೆ. ನಾನು ದಪ್ಪ ಕೈಗವಸು ಹಾಕಿಕೊಳ್ಳುತ್ತೇನೆ.

ಬಿಚ್ಚಿದ ಮೇಲೆ ಎಲ್ಲ ಸ್ಕ್ರೂಗಳನ್ನೂ ಆರು ಮೂಲೆಯ ತೂತಿನ ಅಲೆನ್ ಬೋಲ್ಟಿಗೆ ಬದಲಿಸುವವರಿದ್ದಾರೆ. ಕೆಲಸ ಸುಲಭ, ಒಪ್ಪುತ್ತೇನೆ. ಆದರೆ ಕಾರ್ಖಾನೆಯಿಂದ ಬಂದ ಆ ದುಂಡು ತಲೆಯ ಸಾಲು ಎಂಜಿನ್ನಿನ ಮುಖಲಕ್ಷಣ, ಅದನ್ನು ಉಳಿಸಿಕೊಳ್ಳುವುದೇ ನನಗೆ ಇಷ್ಟ. ಸ್ಕ್ರೂಗಳ ಸುರುಳಿ ಎಳೆಗಳಿಗೆ ಕಚ್ಚುವಿಕೆ ತಡೆಯುವ ಲೇಪ ತೆಳ್ಳಗೆ ಸವರಿ, ಮಿತವಾಗಿ ಬಿಗಿ ಮಾಡಿದ್ದೇನೆ. ಎರಡು ವರ್ಷದ ನಂತರ ಪರೀಕ್ಷೆಗೆಂದು ಬಿಚ್ಚಿದಾಗ ಸುತ್ತಿಗೆ ಬೇಕಾಗಲಿಲ್ಲ.

ಈಗ ಎರಡನೆಯ ಬೈಕು ಬಂದಿದೆ, ಯಮಹಾ ಆರ್‌ಡಿ350. ಎಡಗಡೆಯ ಕವರಿನ ಕೆಳಗಿನ ಸ್ಕ್ರೂವಿಗೆ ಎಣ್ಣೆ ಹಾಕಿ ಮೂರು ದಿನವಾಯಿತು. ಭಾನುವಾರದವರೆಗೂ ಅದನ್ನು ಮುಟ್ಟುವುದಿಲ್ಲ.